ಹಸಿರು ಗಾಡಿಯ ಹಿಂಗಾಲು

ನಿವೃತ್ತರಾದವರು ಬರೆಯಲು ಕೂತರೆ ಮೊದಲು ಬಡ್ತಿಯ ಮೆಟ್ಟಿಲು ಹತ್ತುತ್ತಾರೆ. ನನ್ನ ಕೆಲಸದ ಬದುಕೆಲ್ಲ ಗಾಡಿಗಳ ಕೆಳಗೆ ಕಳೆಯಿತು. ನಾನು ಹತ್ತಿದ್ದಕ್ಕಿಂತ ತೆವಳಿದ್ದೇ ಹೆಚ್ಚು. ಕೊನೆಗೆ ವರ್ಕ್ಸ್ ಮ್ಯಾನೇಜರ್ ಎಂಬ ಹಲಗೆಯೊಂದು ಬಂತು, ಹಲಗೆಯ ಹಿಂದೆ ಒಂದು ಕುರ್ಚಿ ಬಂತು. ಆ ಕುರ್ಚಿಯಲ್ಲಿ ಕೂತು ನಾನು ಕಲಿತದ್ದು ಏನೂ ಇಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ. ಈಗ ಗ್ಯಾರೇಜಿಗೆ ಸೇರುತ್ತಿರುವ ಹುಡುಗರು, ತಂತಿ ಚುಚ್ಚಿ ಪರದೆಯ ಮೇಲೆ ಗಾಡಿಯ ರೋಗ ಓದುವವರು, ನನ್ನನ್ನು ಕಂಡರೆ ಕೇಳುತ್ತಾರೆ: "ಅಂಕಲ್, ಆಗ ಹೇಗೆ ಕಂಡುಹಿಡೀತಿದ್ರಿ?" ಬಾಯಿಂದ, ಎನ್ನುತ್ತೇನೆ. ನಗುತ್ತಾರೆ. ನಿಜಕ್ಕೂ ಬಾಯಿಂದಲೇ.

ಅರವತ್ತರ ದಶಕದ ನಡುವಿನ ಮಾತು. ನಮ್ಮಪ್ಪ ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ರೈಲ್ವೆ ಗಾರ್ಡು. ವಡೋದರಾದ ಮಂಜಲ್‌ಪುರದಲ್ಲಿ ನಮ್ಮ ಮನೆ; ಆಗ ಅದು ಊರಿನ ಹೊರಗೆ, ಎಮ್ಮೆಗಳಿಗೂ ನಮಗೂ ಒಂದೇ ದಾರಿ. ನನಗೆ ಐಟಿಐ ಸರ್ಟಿಫಿಕೇಟ್ ಒಂದಿತ್ತು, ಅದಕ್ಕಿಂತ ದೊಡ್ಡದಾಗಿ ಒಂದು ರೋಗವಿತ್ತು: ಯಾರನ್ನು ಕಂಡರೂ ಅವರ ಹಾಗೆ ಆಡಿ ತೋರಿಸುವುದು. ಸ್ಟೇಷನ್ ಮಾಸ್ತರರ ಕೆಮ್ಮು, ಪಕ್ಕದ ಮನೆಯ ಕಾಕಿ ಗೋಧಿ ಆರಿಸುತ್ತಾ ಹೇಳುವ ಚಾಡಿ, ನಮ್ಮಪ್ಪ ಸಿಟ್ಟು ಬಂದಾಗ ಮೂಗಿನಿಂದ ಬಿಡುವ ಹಬೆ, ಎಲ್ಲವೂ ನನ್ನ ಬಳಿ ಸ್ಟಾಕಿನಲ್ಲಿದ್ದವು. ಪರೀಕ್ಷೆಯಲ್ಲಿ ಇಂಥದ್ದಕ್ಕೆ ಅಂಕ ಇಲ್ಲದ್ದರಿಂದ ನನ್ನ ಅಂಕಪಟ್ಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಅಹಮದಾಬಾದಿನ ನವರಂಗಪುರದಲ್ಲಿ ದಿನ್‌ಶಾ ಶೇಟ್ ಎಂಬ ಪಾರ್ಸಿಯೊಬ್ಬರ ಗ್ಯಾರೇಜಿತ್ತು. ಕೆಲಸ ಕೇಳಲು ಹೋದ ದಿನ ಅಲ್ಲೊಬ್ಬ ವಕೀಲರು ತಮ್ಮ ಗಾಡಿ "ಸದ್ದು ಮಾಡ್ತದೆ, ಸದ್ದು ಮಾಡ್ತದೆ" ಎಂದು ಕೋರ್ಟಿನಲ್ಲಿ ವಾದಿಸುವಂತೆ ವಾದಿಸುತ್ತಿದ್ದರು. ಎಂಥ ಸದ್ದು ಎಂದರೆ ಹೇಳಲು ಬರುವುದಿಲ್ಲ. ನಾನು ಸುಮ್ಮನಿರಲಾರದೆ ಕೇಳಿದೆ: "ಸಾಹೇಬ್, ಇದಾ?" ಎಂದು ಗಂಟಲಲ್ಲಿ ಸವೆದ ಯು-ಜಾಯಿಂಟಿನ ಟಿಣ್-ಟಿಣ್ ಮಾಡಿದೆ. ಅಲ್ಲ. "ಇದಾ?" ಕೆನ್ನೆ ಉಬ್ಬಿಸಿ ಸಡಿಲಾದ ಸೈಲೆನ್ಸರಿನ ಬಡಬಡ. ಅಲ್ಲ. "ಹಾಗಾದರೆ ಇದು," ಎಂದು ನಾಲಿಗೆಯನ್ನು ಅಂಗುಳಕ್ಕೆ ಹೊಡೆದು ಕೊಟಕ್, ಕೊಟಕ್ ಎಂದೆ. ವಕೀಲರು ಎದ್ದು ನಿಂತು "ಅದೇ! ಅದೇ!" ಎಂದರು. ಹಿಂದಿನ ಕಮಾನು ಪಟ್ಟಿಯ, ಎಂದರೆ ಗಾಡಿಯ ಭಾರ ಹೊರುವ ಲೀಫ್ ಸ್ಪ್ರಿಂಗಿನ, ಕೊಂಡಿ ಸವೆದಿತ್ತು.

ದಿನ್‌ಶಾ ಶೇಟ್ ಕನ್ನಡಕ ಹಣೆಗೇರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸಾಲಾ, ಇವನು ಮೆಕ್ಯಾನಿಕ್ಕೋ ಗ್ರಾಮಫೋನೋ?"

"ಎರಡೂ ಶೇಟ್. ಕೀಲಿ ಕೊಟ್ಟರೆ ಎರಡೂ ಓಡ್ತವೆ."

"ನಾಳೆಯಿಂದ ಬಾ. ಹೆಸರು?"

"ಗುರುರಾಜ."

ಅಂದಿನಿಂದ ಗ್ಯಾರೇಜಿನ ಅತಿ ಕಿರಿಯನನ್ನು, ಅತಿ ಕಡಿಮೆ ಗೊತ್ತಿದ್ದವನನ್ನು, ಎಲ್ಲರೂ ಗುರು ಎಂದು ಕರೆಯತೊಡಗಿದರು.

ಆ ಗ್ಯಾರೇಜಿನ ನಿಜವಾದ ಗುರು ಮಗನ್ ಮಿಸ್ತ್ರಿ. ಅರವತ್ತರ ಹತ್ತಿರದ ವಯಸ್ಸು, ಹುರಿ ಹಗ್ಗದಂಥ ಮೈ, ಬಿಳಿ ಟೋಪಿ, ಕಮ್ಮಾರರ ಮನೆತನ. ಹಿತ್ತಲಿನಲ್ಲಿ ಗೋಣಿ ತೂಗಿದ ಕತ್ತಲೆ ಶೆಡ್ಡು, ಅಲ್ಲಿ ಅವರ ಕುಲುಮೆ. ನಾನು ಸೇರಿದ ವಾರ ಅವರು ಒಂದು ಟ್ಯಾಕ್ಸಿಯ ಕಮಾನು ಪಟ್ಟಿಗಳನ್ನು ಬಿಚ್ಚಿ ಹರವಿಕೊಂಡು, ಒಂದೊಂದರ ಮೇಲೂ ಹೆಬ್ಬೆರಳಿನ ಉಗುರು ಎಳೆಯುತ್ತಾ ಹೋದರು. ಐದನೆಯದರಲ್ಲಿ ನಿಂತರು. "ಇಲ್ಲಿ." ನಾನು ಬಗ್ಗಿ ನೋಡಿದೆ, ಏನೂ ಇಲ್ಲ. ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣ ಬಳಿದರು. ಸ್ವಲ್ಪ ಹೊತ್ತಿಗೆ ಸುಣ್ಣದ ಮೇಲೆ ಕೂದಲಿನಂಥ ಒಂದು ಕಪ್ಪು ಗೆರೆ ತಾನೇ ಮೂಡಿತು. ಬಿರುಕಿನೊಳಗೆ ಅಡಗಿದ್ದ ಎಣ್ಣೆ ಮೇಲೆ ಬಂದು ಸಾಕ್ಷಿ ಹೇಳಿತ್ತು. ನನ್ನ ಇಪ್ಪತ್ತೆರಡು ವರ್ಷದ ಕಣ್ಣಿಗೆ ಕಾಣದ್ದು ಅವರ ಉಗುರಿಗೆ ಕಂಡಿತ್ತು. ಅಂದು ಬಾಯಿ ತೆರೆದುಕೊಂಡವನು ಬಹಳ ಹೊತ್ತು ಮುಚ್ಚಲಿಲ್ಲ. ಮುಚ್ಚಿದ ಮೇಲೆ ಮಾಡಿದ ಮೊದಲ ಕೆಲಸ ಅವರನ್ನು ಅಣಕಿಸುವುದು. ಬೆರಗಾದರೆ ನಾನು ಅಣಕಿಸುತ್ತಿದ್ದೆ. ನಮಸ್ಕಾರ ಮಾಡುವ ನನ್ನ ರೀತಿ ಅದೊಂದೇ ಆಗಿತ್ತು.

ನಾನು ಸೇರಿ ವರ್ಷವಾಗುತ್ತಾ ಬಂದಾಗ, ಒಂದು ಮಧ್ಯಾಹ್ನ ಹಸಿರು ಗಾಡಿ ಬಂತು.

ಬಂತು ಅಂದರೆ ಅದರ ಮುಂಭಾಗ ಬಂತು. ಹಿಂಭಾಗ ಬೇರೆಲ್ಲೋ ಹೋಗುವ ವಿಚಾರದಲ್ಲಿತ್ತು. ಇಂಗ್ಲೆಂಡಿನಲ್ಲಿ ಮಾಡಿದ, ಎರಡೇ ಸೀಟಿನ, ತಲೆಯ ಮೇಲೆ ಬಟ್ಟೆಯ ಚಾವಣಿಯ ಸ್ಪೋರ್ಟ್ಸ್ ಕಾರು. ಮೂಗು ಉದ್ದ, ಸೊಂಟ ಸಣ್ಣ, ಹಸಿರು ಬಣ್ಣ ಎಷ್ಟು ಆಳವೆಂದರೆ ನನ್ನ ಮುಖ ಅದರಲ್ಲಿ ಬಾವಿಯಲ್ಲಿ ಕಂಡಂತೆ ಕಂಡಿತು. ಅಷ್ಟು ಚೆಂದದ ವಸ್ತುವನ್ನು ನಾನು ಅಲ್ಲಿಯವರೆಗೆ ಮುಟ್ಟಿರಲಿಲ್ಲ, ಮುಟ್ಟುವ ಮುಂಚೆ ಕೈ ತೊಳೆದುಕೊಂಡೆ. ಮೆಕ್ಯಾನಿಕ್ ಕೆಲಸಕ್ಕೆ ಮುಂಚೆ ಕೈ ತೊಳೆದದ್ದನ್ನು ಕಂಡು ಗ್ಯಾರೇಜೆಲ್ಲ ನಕ್ಕಿತು.

ಮಾಲೀಕ ಕಿರೀಟ್‌ಭಾಯಿ, ಮಿಲ್ಲಿನ ಮನೆಯ ಕಿರಿಯ ಮಗ, ಸಾಧು ಮನುಷ್ಯ. "ನೇರ ರಸ್ತೇಲಿ ರಾಜನ ಹಾಗೆ ಹೋಗ್ತದೆ," ಎಂದ. "ತಿರುವಿನಲ್ಲಿ ಒಂದು ಗುಂಡಿ ಬಂದರೆ ಹಿಂದಿನ ಚಕ್ರ ಕಪ್ಪೆ ಹಾಗೆ ಹಾರಿ ಪಕ್ಕಕ್ಕೆ ಬೀಳ್ತದೆ. ಮೊನ್ನೆ ನಡಿಯಾದ್ ಹತ್ತಿರ ಗಾಡಿ ಒಂದು ಸುತ್ತು ತಿರುಗಿ ನಾನು ಬಂದ ದಾರಿಯನ್ನೇ ನೋಡ್ತಾ ಕೂತಿದ್ದೆ. ಪಕ್ಕದಲ್ಲಿ ನನ್ನ ಹೆಂಡತಿ."

"ಅವರು ಏನಂದರು?" ಎಂದೆ.

"ಇನ್ನೂ ಏನೂ ಅಂದಿಲ್ಲ. ಅದೇ ಹೆದರಿಕೆ."

ಕೆಳಗೆ ತೆವಳಿ ನೋಡಿದೆವು. ಹಿಂದಿನ ಕಮಾನುಗಳು ದಣಿದು ಚಪ್ಪಟೆಯಾಗಿದ್ದವು. ಆ ಗಾಡಿಗೆ ಹಳೆಯ ಕಾಲದ ತೋಳಿನ ಶಾಕ್ ಅಬ್ಸಾರ್ಬರ್: ಎಣ್ಣೆ ತುಂಬಿದ ಒಂದು ಡಬ್ಬಿ, ಅದರಿಂದ ಹೊರಬಂದ ಒಂದು ಕಬ್ಬಿಣದ ತೋಳು. ಎಣ್ಣೆಯೆಲ್ಲ ಸೋರಿ, ತೋಳು ಕೈಕೊಟ್ಟ ನೆಂಟನ ಹಾಗೆ ಜೋತುಬಿದ್ದಿತ್ತು. ಕಿರೀಟ್‌ಭಾಯಿಯ ಸೋದರಸಂಬಂಧಿ ಲಂಡನ್ನಿನಿಂದ ಹಡಗಿನಲ್ಲಿ ಒಂದು ಪೆಟ್ಟಿಗೆ ಕಳಿಸಿದ್ದ. ಅದರಲ್ಲಿ ಹೊಸ ಮಾದರಿಯ, ಕೊಳವೆಯೊಳಗೆ ಕೊಳವೆ ಜಾರುವ ಶಾಕ್ ಅಬ್ಸಾರ್ಬರ್‌ಗಳು, ಅವನ್ನು ಕೂರಿಸುವ ಬ್ರಾಕೆಟ್ಟುಗಳು, ಕಮಾನಿನ ತುದಿಯ ಕಣ್ಣಿನಲ್ಲಿ ಬೋಲ್ಟಿನ ಸುತ್ತ ಹಾಕುವ ರಬ್ಬರ್ ಬುಷ್‌ಗಳು, ಮತ್ತು ಒಂದು ಹಾಳೆ ಇಂಗ್ಲಿಷ್ ಸೂಚನೆ.

ಮಿಸ್ತ್ರಿ ಆ ಕೊಳವೆಯನ್ನು ಎಳೆದು, ಒತ್ತಿ, ಮತ್ತೆ ಎಳೆದರು. ಎರಡೂ ಕಡೆಗೆ ಒಂದೇ ಹದದ ಬಿಗಿ. ಅವರ ಮುಖದಲ್ಲಿ ಎಳೆಯ ಮಗುವನ್ನು ಎತ್ತಿಕೊಂಡ ಅಜ್ಜನ ನಗು. "ಯಾರೋ ಮಾಡಿದಾನೆ ನೋಡು, ಗುರು. ಇದನ್ನ ಯಾರೋ ಕೂತು ಯೋಚನೆ ಮಾಡಿದಾನೆ."

ಕಾಗದ ಓದುವ ಕೆಲಸ ನನ್ನದು. ಇಂಗ್ಲಿಷ್ ಬರುತ್ತಿದ್ದವನು ನಾನೊಬ್ಬ. ಅಲ್ಲೇ ನಾನು ಎಡವಿದ್ದು. ಸುಮ್ಮನೆ ಓದಿದ್ದರೆ ಆಗುತ್ತಿತ್ತು. ಖಾಲಿ ಎಣ್ಣೆ ಡಬ್ಬದ ಮೇಲೆ ನಿಂತು, ಗಲ್ಲ ಮೇಲೆತ್ತಿ, ಚಹಾ ಕುಡಿಯುತ್ತಿರುವ ಬಿಳಿ ಸಾಹೇಬನ ದನಿಯಲ್ಲಿ ಓದಿದೆ. ಪ್ರತಿ ಸಾಲಿಗೂ ನಗೆ. ನಗೆ ಹೆಚ್ಚಿದಷ್ಟೂ ಸಾಹೇಬನ ಗಲ್ಲ ಮೇಲಕ್ಕೆ. ಕೊನೆಯ ಸಾಲಿನ ಹೊತ್ತಿಗೆ ಗಲ್ಲ ಎಷ್ಟು ಮೇಲೇರಿತ್ತೆಂದರೆ ನನಗೆ ಕಾಗದವೇ ಕಾಣುತ್ತಿರಲಿಲ್ಲ. ಇಲ್ಲದ ಟೋಪಿ ಎತ್ತಿ ನಮಸ್ಕರಿಸಿ ಕೆಳಗಿಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ದಣಿದ ಕಮಾನುಗಳನ್ನು ಸದ್ಯಕ್ಕೆ ಹಾಗೇ ಬಿಟ್ಟು ಪೆಟ್ಟಿಗೆಯ ಸಾಮಾನಷ್ಟೇ ಕೂರಿಸಿದೆವು; ಬುಷ್ ಹಾಕಿ ಬೋಲ್ಟು ಬಿಗಿದವನೂ ನಾನೇ. ಗಾಡಿ ಜಾಕಿನ ಮೇಲೆ, ಹಿಂದಿನ ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿದ್ದವು. ಲಾರಿಗಳಿಗೂ ಬಸ್ಸುಗಳಿಗೂ ನಾವು ಮಾಡುತ್ತಿದ್ದದ್ದೇ ಹಾಗೆ. ಅವುಗಳ ಬುಷ್ ಹಿತ್ತಾಳೆಯದು, ಗ್ರೀಸಿನಲ್ಲಿ ಜಾರಿ ತಿರುಗುತ್ತದೆ, ಎಲ್ಲಿ ಬಿಗಿದರೂ ಒಂದೇ. ರಬ್ಬರು ಹಾಗಲ್ಲ, ಜಾರುವುದಿಲ್ಲ, ಹಿಡಿದುಕೊಳ್ಳುತ್ತದೆ, ತಾನೇ ಹಿಸುಕಿಕೊಂಡು ತಿರುಚುತ್ತದೆ. ಗಾಳಿಯಲ್ಲಿ ಬಿಗಿದು ನೆಲಕ್ಕೆ ಇಳಿಸಿದರೆ, ಗಾಡಿಯ ಭಾರ ಬಿದ್ದ ಕೂಡಲೇ ಅದು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು, ನಿಂತಲ್ಲೇ ಹರಿಯಲು ಶುರುಮಾಡುತ್ತದೆ. ಈಗಿನ ಹುಡುಗರಿಗೆ ಇದು ಮೊದಲ ಪಾಠ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಆ ಕಾಗದಕ್ಕೆ ಮಾತ್ರ.

ಎರಡು ವಾರಕ್ಕೆ ಗಾಡಿ ವಾಪಸ್ಸು ಬಂತು. ಕಿರೀಟ್‌ಭಾಯಿ ನನ್ನಿಂದ ಕಲಿತು ತಾನೇ ಬಾಯಲ್ಲಿ ಮಾಡಿ ತೋರಿಸಿದ: "ಧಡ್. ಧಡ್. ಸರಿಯಾಗಿ ಬಂತಾ?" ಬಿಚ್ಚಿ ನೋಡಿದರೆ ಬುಷ್‌ಗಳು ಹರಿದು ಚಿಂದಿ. ನಾನು ಡಬ್ಬದ ಹಿಂದಿನಿಂದ ಕಾಗದ ಹುಡುಕಿ ತೆಗೆದು, ಈ ಸಲ ನನ್ನ ಹೊಟ್ಟೆಯೊಳಗೇ ಓದಿಕೊಂಡೆ. ಕೊನೆಯ ಸಾಲು: ಚಕ್ರಗಳು ನೆಲದ ಮೇಲೆ ನಿಂತು, ಗಾಡಿಯ ಪೂರ್ತಿ ಭಾರ ಹೊತ್ತ ಮೇಲಷ್ಟೇ ಬೋಲ್ಟು ಬಿಗಿಯಬೇಕು.

ಮಿಸ್ತ್ರಿಗೆ ಹೋಗಿ ಪಿಸುಗುಟ್ಟಿದೆ. ಅವರು ಹರಿದ ಬುಷ್ ತಿರುವಿ ತಿರುವಿ ಬೆರಳಾಡಿಸಿದರು. ಅಷ್ಟರಲ್ಲಿ ದಿನ್‌ಶಾ ಶೇಟ್ ಬಂದು, "ಯಾರು ಬಿಗಿದದ್ದು?" ಎಂದರು.

"ನಾನು," ಎಂದರು ಮಿಸ್ತ್ರಿ.

ಶೇಟ್ ಗೊಣಗಿಕೊಂಡು ಹೋದರು. ಮೂವತ್ತು ವರ್ಷ ದುಡಿದ ಮಿಸ್ತ್ರಿಗೆ ಅವರು ಏನೂ ಹೇಳುವಂತಿರಲಿಲ್ಲ. ನಾನಾಗಿದ್ದರೆ ಅಂದೇ ವಡೋದರಾದ ರೈಲು ಹತ್ತಬೇಕಿತ್ತು. "ಯಾಕೆ ಹಾಗೆ ಹೇಳಿದಿರಿ?" ಎಂದು ಆಮೇಲೆ ಕೇಳಿದೆ. "ನಿನ್ನನ್ನ ಓಡಿಸಿದರೆ ಮುಂದಿನ ಕಾಗದ ಯಾರು ಓದ್ತಾರೆ, ಗಾಂಡಾ?" ಎಂದರು. ಹುಚ್ಚಾ, ಎಂದು. ಆ ಸುಳ್ಳು ಆ ಹೊತ್ತಿಗೆ ಅವರಿಗೆ ಭಾರದ್ದಾಗಿರಲಿಲ್ಲ. ಅದನ್ನು ಭಾರ ಮಾಡಿದವನು ನಾನು, ಅದೂ ಮೂರೇ ದಿನದಲ್ಲಿ.

ಊಟದ ಬಿಡುವಿನಲ್ಲಿ ಹುಡುಗರು "ಮಿಸ್ತ್ರಿ ಮಾಡೋ, ಮಿಸ್ತ್ರಿ ಮಾಡೋ" ಎಂದರು. ಮಿಸ್ತ್ರಿ ಮನೆಗೆ ಊಟಕ್ಕೆ ಹೋಗಿದ್ದರು. ಮಾಡಿದೆ. ತಲೆಯನ್ನು ಕೋಳಿಯ ಹಾಗೆ ಒಂದು ಪಕ್ಕಕ್ಕೆ ವಾಲಿಸಿದೆ. ಸ್ಪ್ಯಾನರ್ ಬೇಕಾದಾಗ ಮೊದಲು ಕಿರುಬೆರಳಿನಿಂದ ಬೆಂಚಿನ ಅಂಚು ಮುಟ್ಟಿ, ಅಂಚಿನ ಮೇಲೆ ಕೈ ಜಾರಿಸಿಕೊಂಡು ಹೋಗಿ, ಮೂರನೆಯದನ್ನು ಎತ್ತಿದೆ. ಯಾರೋ ಕರೆದರೆ ದನಿ ಬಂದ ಕಡೆಗೆ ನಕ್ಕು, ಆಮೇಲೆ ಮುಖ ತಿರುಗಿಸಿದೆ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಹಿಂದೆ ನಿಂತಿದ್ದ ದಿನ್‌ಶಾ ಶೇಟರ ನಗೆ ಎಲ್ಲಕ್ಕಿಂತ ದೊಡ್ಡದು. ಅದು ನಡುವೆ ನಿಂತಿತು.

"ಫರಿ ಕರ್," ಎಂದರು. ಇನ್ನೊಮ್ಮೆ ಮಾಡು.

ಮೆಚ್ಚಿದರು ಎಂದುಕೊಂಡು ಇನ್ನೂ ಚೆನ್ನಾಗಿ ಮಾಡಿದೆ.

"ಬೆಂಚಿನ ಅಂಚು ಯಾಕೆ ಮುಟ್ಟಿದೆ?"

"ಅವರು ಮುಟ್ತಾರಲ್ಲ ಶೇಟ್."

"ಯಾವಾಗಿನಿಂದ?"

ನಾನು ಪ್ರತಿ ದಿನ ನೋಡಿದ್ದೆ, ಇಂಚಿಂಚು ಕಲಿತಿದ್ದೆ, ಆದರೆ ಏನನ್ನು ಕಲಿಯುತ್ತಿದ್ದೇನೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನಾನು ಆಡಿ ತೋರಿಸಿದ್ದು ಕಣ್ಣು ಕಾಣದ ಮನುಷ್ಯನನ್ನು.

ಮಿಸ್ತ್ರಿ ಊಟ ಮುಗಿಸಿ ಬಂದಾಗ ಶೇಟ್ ಅವರೆದುರು ನಿಂತು ಕೈಯೆತ್ತಿ, "ಮಗನ್, ಎಷ್ಟು ಬೆರಳು?" ಎಂದರು. ಮಿಸ್ತ್ರಿ ಎಣಿಸಲು ಹೋಗಲಿಲ್ಲ. "ಬಲಗಣ್ಣಿಗೆ ನೆರಳು ಕಾಣ್ತದೆ, ಶೇಟ್. ಎಡಗಣ್ಣಿಗೆ ಅದೂ ಇಲ್ಲ. ಎರಡು ವರ್ಷ ಆಯ್ತು."

"ಈಗ ಗೊತ್ತಾಯ್ತು ಬುಷ್ ಯಾಕೆ ಹರಿಯಿತು ಅಂತ," ಎಂದರು ಶೇಟ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. "ಮಗನ್, ಜನ ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು ನೀನು ಕಟ್ಟಿದ ಕಮಾನಿನ ಮೇಲೆ ಹೋಗ್ತಾರೆ. ಇನ್ನು ಸಾಕು."

ಮಿಸ್ತ್ರಿ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಹಸಿರು ಗಾಡಿಯ ಕಮಾನು ನಾನು ಮಾಡ್ತೀನಿ. ಅದರ ಮೇಲೆ ನಾನೇ ಕೂತು ಸೂರತ್‌ಗೆ ಹೋಗಿ ಬರ್ತೀನಿ. ಒಂದು ಬೆರಳು ತಗ್ಗಿದರೂ ನೀವು ಹೇಳೋದು ಬೇಡ, ನಾನೇ ಸುತ್ತಿಗೆ ತಂದು ಟೇಬಲ್ ಮೇಲೆ ಇಡ್ತೀನಿ."

ಶೇಟ್ ಒಪ್ಪಿದರು. ಕಿರೀಟ್‌ಭಾಯಿಯೂ ಒಪ್ಪಿದ, ಆ ಮನುಷ್ಯನ ಧೈರ್ಯಕ್ಕೆ ಇಂದಿಗೂ ಟೋಪಿ ತೆಗೆಯುತ್ತೇನೆ. ನಾನು? ನಾನು ಬಾಯಿ ತೆರೆದು "ಬುಷ್ ಬಿಗಿದದ್ದು ನಾನು" ಎಂದು ಮೂರು ಶಬ್ದ ಹೇಳಿದ್ದರೆ ಸಾಕಿತ್ತು. ಊರಿನ ಎಲ್ಲರ ದನಿಯೂ ಬರುತ್ತಿದ್ದ ಗಂಟಲಿನಿಂದ ಒಂದು ಕೆಮ್ಮೂ ಹೊರಡಲಿಲ್ಲ.

ಮುಂದಿನ ನಾಲ್ಕು ದಿನ ನಾನು ಕಂಡದ್ದನ್ನು ಹೇಳಲು ನನಗೆ ಈಗಲೂ ಸರಿಯಾದ ಮಾತಿಲ್ಲ.

ಗಾಡಿಯ ಹಳೆಯ ಪಟ್ಟಿಗಳನ್ನೇ ಮತ್ತೆ ಕಾಯಿಸಿ, ಕಮಾನು ಕೊಟ್ಟು, ಹದ ಮಾಡಿ, ಪ್ರತಿ ಬದಿಗೂ ಒಂದು ಹೊಸ ಪಟ್ಟಿ ಸೇರಿಸುವುದು ಕೆಲಸ. ಉಕ್ಕು ಸರಿಯಾದ ಕೆಂಪಿಗೆ ಬಂದಾಗ ಎಣ್ಣೆಯಲ್ಲಿ ಅದ್ದಬೇಕು. ಬೇಗನೆ ಅದ್ದಿದರೆ ಮೆತ್ತಗೆ, ತಡವಾದರೆ ಗಾಜಿನ ಹಾಗೆ ಒಡೆಯುತ್ತದೆ. ಆ ಕೆಂಪನ್ನು ಎಲ್ಲರೂ ಕಣ್ಣಿಂದ ನೋಡುತ್ತಾರೆ. ಅದಕ್ಕೇ ಶೆಡ್ಡಿಗೆ ಗೋಣಿ, ಅದಕ್ಕೇ ಹಗಲಲ್ಲೂ ಕತ್ತಲೆ. "ನೀನು ಕಣ್ಣು," ಎಂದರು ಮಿಸ್ತ್ರಿ. "ದಾಳಿಂಬೆ ಕಾಳಿನ ಬಣ್ಣ ಬಂದಾಗ ಹೇಳು."

ನಾನು ಉಸಿರು ಹಿಡಿದು ನೋಡಿದೆ. ಕಪ್ಪು, ಕಂದು, ಮಂಕು ಕೆಂಪು, ದಾಳಿಂಬೆ. "ಬಂತು!"

"ಇಲ್ಲ."

"ಬಂತು ಮಿಸ್ತ್ರಿ, ನೋಡಿ!" ಎಂದೆ. ಕಾಣದವರಿಗೆ ನೋಡಿ ಎನ್ನುವ ಬುದ್ಧಿವಂತ.

"ನಡುವೆ ಬಂದಿದೆ. ನಿನ್ನ ಎಡಗಡೆ ತುದಿ ಇನ್ನೂ ತಣ್ಣಗಿದೆ."

ತುದಿ ನೋಡಿದೆ. ಮಂಕಾಗಿತ್ತು. ಅವರು ಕುಲುಮೆಯ ಹತ್ತಿರ ಕೆನ್ನೆ ತಿರುಗಿಸಿಕೊಂಡು, ಪಟ್ಟಿಯ ಉದ್ದಕ್ಕೂ ಮುಖ ಸರಿಸುತ್ತಿದ್ದರು. ಕೆನ್ನೆಯಿಂದ ಓದುತ್ತಿದ್ದರು. ಆಮೇಲೆ ಜೇಬಿನಿಂದ ಹಳೆಯ ಗಾಡಿಯ ಅಯಸ್ಕಾಂತವೊಂದನ್ನು ತೆಗೆದು, ತಂತಿಗೆ ಕಟ್ಟಿ, ಕೆಂಪು ಪಟ್ಟಿಗೆ ತೂಗಿಬಿಟ್ಟರು. ನಡುವಿಗೆ ಅದು ಅಂಟಲಿಲ್ಲ. ತುದಿಗೆ ಟಕ್ ಎಂದು ಅಂಟಿತು. "ಉಕ್ಕು ಸರಿಯಾಗಿ ಕಾದರೆ ಅಯಸ್ಕಾಂತವನ್ನ ಮರೀತದೆ," ಎಂದರು. ಇನ್ನೆರಡು ಸಲ ತಿದಿ ಒತ್ತಿದ ಮೇಲೆ ತುದಿಯೂ ಮರೆಯಿತು. "ಈಗ." ಎಣ್ಣೆ ಭುಸ್ಸೆಂದು ಉರಿಯಿತು, ಮಿಸ್ತ್ರಿ ಕದಲಲಿಲ್ಲ.

ಅದ್ದಿದ ಉಕ್ಕಿನ ಸೊಕ್ಕು ಇಳಿಸಲು ಮತ್ತೆ ನಿಧಾನ ಕಾಯಿಸಬೇಕು. ಅದಕ್ಕೆ ಅವರ ಸಲಕರಣೆ ಒಂದು ಒಣ ಬಬೂಲಿನ ಕಡ್ಡಿ. ಬಿಸಿ ಪಟ್ಟಿಯ ಮೇಲೆ ಕಡ್ಡಿ ಎಳೆಯುತ್ತಾ ಹೋಗುವುದು. ಮೊದಲು ಕರಕರ. ಕಾವು ಏರಿದಂತೆ ಹೊಗೆ ವಾಸನೆ. ಒಂದು ಗಳಿಗೆಯಲ್ಲಿ ಕಡ್ಡಿ ಬೆಣ್ಣೆಯ ಮೇಲೆ ಹೋದ ಹಾಗೆ ಜಾರಿತು, ತುದಿಯಲ್ಲಿ ಕಿಡಿ ಕೂತಿತು. "ಸಾಕು, ತೆಗೆ." ಹದಿನಾಲ್ಕು ಪಟ್ಟಿ, ಹದಿನಾಲ್ಕು ಸಲ. ನನ್ನ ಎರಡು ಒಳ್ಳೆಯ ಕಣ್ಣುಗಳಿಗೆ ಆ ಶೆಡ್ಡಿನಲ್ಲಿ ಮಾಡಲು ಇದ್ದ ಕೆಲಸ ಒಂದೇ, ಅಗಲವಾಗುವುದು. ಮುಂದೆ ದೊಡ್ಡ ಕಾರ್ಖಾನೆಗಳಲ್ಲಿ ಕಾವು ಅಳೆಯುವ ಮುಳ್ಳುಗಳನ್ನು, ತಾನೇ ತೆರೆದು ಮುಚ್ಚುವ ಕುಲುಮೆಗಳನ್ನು ಕಂಡೆ. ಒಳ್ಳೆಯವೇ. ಯಾವುದರ ಮುಂದೆಯೂ ನನ್ನ ಕೈ ತಾನಾಗಿ ಜೋಡಿಸಿಕೊಳ್ಳಲಿಲ್ಲ.

ಹರಿದ ಬುಷ್‌ಗಳಿಗೆ ಬದಲಿ ಊರಲ್ಲಿ ಸಿಗುವಂತಿರಲಿಲ್ಲ. ಮಿಸ್ತ್ರಿ ಕಿರೀಟ್‌ಭಾಯಿಯ ಮಿಲ್ಲಿನ ಗುಜರಿಯಿಂದ ಬಟ್ಟೆ ಹಿಂಡುವ ರೋಲರಿನ ಗಟ್ಟಿ ರಬ್ಬರು ತರಿಸಿ ಲೇಥಿನಲ್ಲಿ ತಿರುಗಿಸಿದರು. ಮಗ್ಗದಲ್ಲಿ ಲಾಳಿ ಹೊಡೆಯುವ ಚರ್ಮದ ಪಟ್ಟಿಯೆರಡನ್ನು ಆಕ್ಸಲ್ಲಿನ ಸುತ್ತ ಕಟ್ಟಿದರು, ಗುಂಡಿಯಲ್ಲಿ ಚಕ್ರ ತೀರಾ ಕೆಳಗಿಳಿದು ಹೊಸ ಕೊಳವೆಗಳನ್ನು ಕಿತ್ತುಹಾಕದಂತೆ. "ನಮ್ಮ ಮಗ್ಗ ನನ್ನ ಗಾಡಿಯ ಕೆಳಗೆ!" ಎಂದು ಕಿರೀಟ್‌ಭಾಯಿ ನೆಲದ ಮೇಲೆ ಮಲಗಿ ನೋಡಿ, ಬಿಳಿ ಪೈಜಾಮ ಹಾಳುಮಾಡಿಕೊಂಡ. ಬೋಲ್ಟುಗಳನ್ನು ಈ ಸಲ ಗಾಡಿಯನ್ನು ನೆಲಕ್ಕಿಳಿಸಿ, ಸೀಟಿನ ಮೇಲೆ ಇಬ್ಬರನ್ನು ಕೂರಿಸಿ, ನಾನು ಕೆಳಗೆ ತೆವಳಿ ಬಿಗಿದೆ. ಬಿಗಿಯುವಾಗ ಮೂಗು ನೆಲಕ್ಕೆ ತಾಗುತ್ತಿತ್ತು. ತಾಗಲಿ ಎಂದುಕೊಂಡೆ.

ಶೇಟ್ ಒಂದು ಬಿದಿರಿನ ಕೋಲು ತಂದು, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು, ಎಡಕ್ಕೊಂದು ಬಲಕ್ಕೊಂದು ಗೀಟು ಕೊರೆದು, ಕೋಲನ್ನು ತಮ್ಮ ಆಫೀಸಿನಲ್ಲಿಟ್ಟು ಬೀಗ ಹಾಕಿದರು.

ಎರಡು ಸೀಟಿನ ಗಾಡಿಗೆ ನಾವು ಮೂವರು. ಕಿರೀಟ್‌ಭಾಯಿ ಸ್ಟಿಯರಿಂಗಿಗೆ, ಪಕ್ಕದಲ್ಲಿ ಮಿಸ್ತ್ರಿ. ಸೀಟಿನ ಹಿಂದೆ ಚೀಲ ಇಡುವ ಒಂದು ಗೂಡಿತ್ತು. ನನ್ನನ್ನು ಮಡಚಿ ಅಲ್ಲಿ ತುರುಕಿದರು. ಸರಿಯಾಗಿ ಆಕ್ಸಲ್ಲಿನ ಮೇಲೆ. ಕಮಾನಿಗೂ ನನಗೂ ನಡುವೆ ಒಂದು ತಗಡು ಮಾತ್ರ. ಹಾರಿದರೆ ಮೊದಲು ಹಾರುವವನು ನಾನು.

ನಡಿಯಾದಿನ ಆ ತಿರುವು ಬಂದಾಗ ಕಿರೀಟ್‌ಭಾಯಿ ಮಾತು ನಿಲ್ಲಿಸಿದ. ಗುಂಡಿ ಅಲ್ಲೇ ಇತ್ತು, ಹಳೆಯ ಪರಿಚಯದ ಹಾಗೆ ಕಾಯುತ್ತಿತ್ತು. ನಾನು ಕಣ್ಣು ಮುಚ್ಚಿದೆ. ಚಕ್ರ ಇಳಿದದ್ದು ಬೆನ್ನಿಗೆ ಗೊತ್ತಾಯಿತು, ಏರಿದ್ದು ಗೊತ್ತಾಯಿತು, ಅಷ್ಟೆ. ಒಂದು ಸಲ ಉಸಿರೆಳೆದು ಬಿಟ್ಟ ಹಾಗೆ. ಗಾಡಿ ತಿರುವನ್ನು ಹಿಡಿದ ಕೈ ಬಿಡದೆ ದಾಟಿತು. ಕಿರೀಟ್‌ಭಾಯಿ ಮುಂದೆ ಹೋಗಿ ನಿಲ್ಲಿಸಿ, ವಾಪಸ್ಸು ತಿರುಗಿಸಿ, ಅದೇ ಗುಂಡಿಯಲ್ಲಿ ಇನ್ನೆರಡು ಸಲ ಹೋದ. ಮೂರನೆಯ ಸಲಕ್ಕೆ ಅವನ ಕಣ್ಣಲ್ಲಿ ನೀರಿತ್ತು. ಗಾಳಿಗೆ, ಎಂದ.

ಭರೂಚಿನಲ್ಲಿ ನರ್ಮದೆಯ ಹಳೆಯ ಕಬ್ಬಿಣದ ಸೇತುವೆ, ಸೂರತ್, ಅದರಾಚೆ ಸಚಿನ್‌ವರೆಗೆ ಹೋದೆವು. ಇವತ್ತು ಕಾರ್ಖಾನೆಗಳ ಸಚಿನ್ ಆಗ ಜೋಳದ ಹೊಲಗಳ ನಡುವಿನ ಒಂದು ಸಣ್ಣ ಸ್ಟೇಷನ್ನು. ಚಳಿಗಾಲ, ಹೊಲದ ಬದಿಯಲ್ಲಿ ಹಸಿ ಜೋಳದ ತೆನೆ ಸುಟ್ಟು ಬಡಿದು ಪೋಂಕ್ ಮಾರುತ್ತಿದ್ದರು. ಬಾಯಿಗೆ ಹಾಕಿಕೊಂಡರೆ ನಮ್ಮ ಹುಬ್ಬಳ್ಳಿ ಕಡೆಯ ಸೀತನಿ! ಗುಜರಾತಿಗೆ ಬಂದು ಎಷ್ಟೋ ವರ್ಷದ ಮೇಲೆ ಆ ರುಚಿ. ಬೇರೆ ದಿನವಾಗಿದ್ದರೆ ಕುಣಿಯುತ್ತಿದ್ದೆ. ಅಂದು ಮಿಸ್ತ್ರಿ ಒಂದೊಂದೇ ಕಾಳು ತಡವಿ ತಿನ್ನುವುದನ್ನು ನೋಡುತ್ತಾ ನನ್ನ ಪಾಲನ್ನೂ ಅವರ ಮುಂದೆ ಸರಿಸಿದೆ.

ಮರುದಿನ ವಾಪಸ್ಸು ಬರುವಾಗ ಮಂಜಲ್‌ಪುರದ ನಮ್ಮ ಮನೆಯಲ್ಲಿ ಊಟಕ್ಕೆ ನಿಂತೆವು. ಅವ್ವ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಏನೋ ಗುರ್ಯಾ, ಇದ್ಯಾವ ಗಾಡಿನೋ? ನೆಲಾ ನೆಕ್ಕೋ ಹಂಗ ಅದ."

ಕಿರೀಟ್‌ಭಾಯಿ ಅಪ್ಪನಿಗೆ ಎಂಜಿನ್ ತೋರಿಸುತ್ತಾ ಹೊರಗೇ ಉಳಿದ. ಒಳಗೆ ಅವ್ವ ಮಿಸ್ತ್ರಿಯ ಮುಂದೆ ನೀರಿನ ಲೋಟ ಇಟ್ಟಳು. ಅವರ ಕಿರುಬೆರಳು ಮಣೆಯ ಅಂಚಿನಿಂದ ಹೊರಟಿತು. ಅವ್ವ ಲೋಟವನ್ನು ಸರಿಸಿ ಅವರ ಕೈಗೇ ತಾಗಿಸಿದಳು. ನನಗೆ ಒಂದು ವರ್ಷದಲ್ಲಿ ತಿಳಿಯದ್ದು ಅವಳಿಗೆ ಒಂದು ಲೋಟದಲ್ಲಿ ತಿಳಿದಿತ್ತು.

"ಅಜ್ಜಾರಿಗೆ ಕಣ್ಣು ಕಾಣಂಗಿಲ್ಲೇನೋ? ಮತ್ತ ಈ ವಯಸ್ಸಿನ್ಯಾಗ ಇಷ್ಟ್ ದೂರ ಯಾಕ ತಿರುಗ್ಯಾಡಸ್ತೀರಿ?"

ಮಿಸ್ತ್ರಿಗೆ ಕನ್ನಡ ಬಾರದ್ದರಿಂದ, ಅವರೆದುರೇ ಕೂತು ಎಲ್ಲ ಹೇಳಿದೆ. ಡಬ್ಬದ ಮೇಲಿನ ಸಾಹೇಬ, ಗಾಳಿಯಲ್ಲಿ ಬಿಗಿದ ಬೋಲ್ಟು, ಅವರು ಹೊತ್ತ ತಪ್ಪು, ಆಮೇಲೆ ನಾನು ಆಡಿದ ಆಟ.

"ಸೇಟ್‌ಗೆ ಹೇಳಿಯೇನು?"

"ಇಲ್ಲವ್ವಾ."

"ಊರ ಮಂದಿ ಮಾತೆಲ್ಲಾ ಆಡ್ತೀಯಲ್ಲ, ನಿನ್ನ ಮಾತು ಯಾವಾಗ ಆಡಾಂವಾ?" ಎಂದು, ಮಿಸ್ತ್ರಿಯ ತಟ್ಟೆಗೆ ರೊಟ್ಟಿ ಹಾಕಿ ತುಪ್ಪ ಸುರಿದಳು. ನನ್ನ ತಟ್ಟೆಗೆ ಬರೀ ರೊಟ್ಟಿ.

"ನಿನ್ನ ಅಮ್ಮ ಏನಂದರು?" ಎಂದರು ಮಿಸ್ತ್ರಿ.

"ಇನ್ನೊಂದು ರೊಟ್ಟಿ ಹಾಕಲಾ ಅಂತ ಕೇಳಿದರು."

"ಅಷ್ಟು ಕೇಳೋಕೆ ಅಷ್ಟು ಹೊತ್ತಾ? ನಿಮ್ಮ ಭಾಷೆ ಬಹಳ ಉದ್ದ."

ನವರಂಗಪುರ ತಲುಪಿದಾಗ ಇಳಿಬಿಸಿಲು. ಗ್ಯಾರೇಜಿನವರೆಲ್ಲ ಸ್ಪ್ಯಾನರ್ ಕೆಳಗಿಟ್ಟು ಬಂದು ನಿಂತರು. ಶೇಟ್ ಬಿದಿರಿನ ಕೋಲು ತಂದು ಎಡಕ್ಕೆ ಹಿಡಿದರು. ಗೀಟು ಅಂಚಿಗೆ ಸರಿಯಾಗಿ ಕೂತಿತು. ಬಲಕ್ಕೆ ಹಿಡಿದರು. ಕೂತಿತು. ನಂಬದೆ ಕನ್ನಡಕ ಒರೆಸಿ ಮತ್ತೆ ಹಿಡಿದರು. ಕೆಳಗೆ ಬಗ್ಗಿ ಬುಷ್‌ಗಳಿಗೆ ಟಾರ್ಚ್ ಬಿಟ್ಟರು, ಒಂದೂ ಬಿರಿದಿರಲಿಲ್ಲ. ಹುಡುಗರು ಕೇಕೆ ಹಾಕಿದರು.

ಶೇಟ್ ಮಾತ್ರ ನಗಲಿಲ್ಲ. "ಕಮಾನಿಗೆ ನಾನು ಕೈ ಮುಗೀತೀನಿ, ಮಗನ್. ಇಂಥದ್ದನ್ನ ಯಾರೂ ಮಾಡಿಲ್ಲ. ಆದರೆ ಆ ಮೊದಲನೇ ಬುಷ್? ಅದನ್ನ ಹರಿದದ್ದೂ ಇದೇ ಕೈಯಲ್ಲವಾ? ಈ ಸಲ ನಾವೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆವು. ಮುಂದಿನ ಸಲ ಯಾರು ನೋಡ್ತಾರೆ? ನಾನು ಹೇಗೆ ನಿದ್ದೆ ಮಾಡಲಿ?"

ಮಿಸ್ತ್ರಿ ನಿಧಾನವಾಗಿ ಶೆಡ್ಡಿನ ಕಡೆ ತಿರುಗಿದರು. ಸುತ್ತಿಗೆ ತರಲು ಹೊರಟಿದ್ದಾರೆ ಎಂದು ನನಗೆ ತಿಳಿಯಿತು.

"ಬುಷ್ ಬಿಗಿದದ್ದು ನಾನು ಶೇಟ್," ಎಂದೆ. "ಕಾಗದದ ಕೊನೆ ಸಾಲು ನಾನು ಓದಿರಲಿಲ್ಲ. ಮಿಸ್ತ್ರಿ ಅದನ್ನ ಮುಟ್ಟೇ ಇರಲಿಲ್ಲ. ನನ್ನ ಕೆಲಸ ಉಳಿಸೋಕೆ ಸುಳ್ಳು ಹೇಳಿದರು."

ಶೇಟ್ ನನ್ನನ್ನು ಬಿಟ್ಟ ಕಣ್ಣಿಂದ ನೋಡಿದರು. "ಇದು ಯಾರ ದನಿಯೋ? ಯಾರನ್ನ ಮಾಡ್ತಿದ್ದೀಯಾ ಈಗ?"

ಯಾರೋ ಕಿಸಕ್ಕೆಂದ. ಮತ್ತೊಬ್ಬ ಚಪ್ಪಾಳೆಗೆ ಕೈ ಎತ್ತಿದ. ಅವರ ತಪ್ಪಲ್ಲ; ಆ ದನಿಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಜೇಬಿನಿಂದ ಕಾಗದ ತೆಗೆದು ಶೇಟರ ಕೈಗೆ ಕೊಟ್ಟೆ. ಅವರು ಕೊನೆಯ ಸಾಲು ಓದಿದರು.

"ಹೌದಾ, ಮಗನ್?"

"ಬೋಲ್ಟು ಅವನು ಬಿಗಿದ," ಎಂದರು ಮಿಸ್ತ್ರಿ, ತಿರುಗದೆಯೇ. "ಆದರೆ ಹೇಳಿಕೊಡಬೇಕಾದವನು ನಾನು. ರಬ್ಬರು ನನಗೂ ಹೊಸದಾಗಿತ್ತು, ಶೇಟ್. ಕಣ್ಣಿದ್ದಿದ್ದರೂ ಗಾಳಿಯಲ್ಲೇ ಬಿಗೀತಿದ್ದೆ."

ದಿನ್‌ಶಾ ಶೇಟ್ ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಅಂಗಿಯ ಜೇಬಿಗೆ ತುರುಕಿ, ಅದರ ಮೇಲೆ ಎದೆಗೆ ಬಲವಾಗಿ ಒಂದು ಗುದ್ದಿದರು. "ಆರು ತಿಂಗಳು ನೀನು ಗಾಡಿ ಮುಟ್ಟೋದಿಲ್ಲ. ತಿದಿ ಒತ್ತು. ಕಾಗದ ಬಂದರೆ ಓದು, ಕೊನೇತನಕ, ಎರಡು ಸಲ." ಆಮೇಲೆ ಮಿಸ್ತ್ರಿಯ ಕಡೆ ತಿರುಗಿ, ದನಿ ಇಳಿಸಿ ಕೇಳಿದರು: "ನಾಳೆ ಎಂಟಕ್ಕೆ ಬರ್ತೀಯಲ್ಲ?"

"ಏಳೂವರೆಗೆ," ಎಂದರು ಮಿಸ್ತ್ರಿ. "ಕುಲುಮೆ ಕಾಯಬೇಡವಾ?"

ಟೋಪಿ ಸರಿಮಾಡಿಕೊಂಡು ಹೊರಟರು. ನಾಲ್ಕು ಹೆಜ್ಜೆ ಹೋಗಿ ನಿಂತರು. ಎರಡು ವರ್ಷ ಬೆಂಚಿನ ಅಂಚು ಹಿಡಿದು, ತಲೆ ವಾಲಿಸಿ, ಯಾರಿಗೂ ಗೊತ್ತಾಗದ ಹಾಗೆ ಆ ಅಂಗಳ ದಾಟಿದ್ದ ಮನುಷ್ಯ ಎಲ್ಲರ ಎದುರು ಕೈಯನ್ನು ಪಕ್ಕಕ್ಕೆ ಚಾಚಿದರು.

"ಗುರು, ಬಾ ಇಲ್ಲಿ. ಗೇಟಿನ ಹತ್ತಿರ ಒಂದು ಮೆಟ್ಟಿಲಿದೆ, ನನಗೆ ಕಾಣೋದಿಲ್ಲ."